ವಾಟ

ಮೂಲೆಯ ಜಾಲರಿ ಮೊದಲು ಕಿತ್ತರು.
ತುಕ್ಕು ಹಿಡಿದು ಹಿಡಿದು ಅದಕ್ಕೇ ಮರೆತುಹೋಗಿತ್ತು
ತೂತು ಯಾವುದು, ಕಂಬಿ ಯಾವುದು.
ಸಗಾಯಂ ಉಳಿಯಿಟ್ಟು ಸುತ್ತ ಹೊಡೆದ.
ಬಾಪೂಜಿನಗರದ ನಮ್ಮ ಗಲ್ಲಿಯ ನಾಯಿಗಳು
ಏಟಿಗೊಂದು ಸಲ ಬೊಗಳಿದವು.

ಒಡೆದ ಬದಿಯಲ್ಲಿ ಮೂರು ನೆಲ ಕಂಡವು.
ಮೇಲೆ ಟೈಲ್ಸು, ಮಗಳ ಮದುವೆಗೆ ಹಾಕಿಸಿದ್ದು.
ನಡುವೆ ಮೊಸಾಯಿಕ್ಕು, ಚೀಟಿ ಎತ್ತಿದ ವರ್ಷದ್ದು.
ತಳದಲ್ಲಿ ಕೆಂಪು ಗಾರೆ:
ಎಂಬತ್ತೇಳರಲ್ಲಿ ಇವರೇ ಎರಡು ಭಾನುವಾರ ಕುಕ್ಕುರುಗಾಲಲ್ಲಿ ಕೂತು
ಮೇಸ್ತ್ರಿಯ ಅರವತ್ತು ರೂಪಾಯಿ ಉಳಿಸಿದ್ದು.
ಪ್ರತಿ ನೆಲವೂ ಕೆಳಗಿನ ನೆಲ ಹೇಳಿದ್ದನ್ನೇ ನಂಬಿತ್ತು.

ನಕ್ಷೆ ಬರೆಯುವ ಕೆಲಸ ಇವರದು, ಆಫೀಸಿನಲ್ಲಿ.
ಗೆರೆ ಕೂದಲೆಳೆಯಷ್ಟು ಓರೆಯಾದರೂ
ಹಾಳೆ ಹರಿದು ಹೊಸದು ಹಾಸುತ್ತಿದ್ದರಂತೆ.

ನೀರು ಮಾತ್ರ ಬಾಗಿಲ ಕಡೆಗೇ ಬರುತ್ತಿತ್ತು.
ಹೊಸ್ತಿಲ ಹತ್ತಿರ ಬೊಗಸೆಯಷ್ಟು ಕೆರೆ, ಯಾವಾಗಲೂ.
ಯಾರು ಮಿಂದು ಬಂದರೂ ಹಿಂದೆಯೇ ನಾನು,
ಸೆರಗು ಸೊಂಟಕ್ಕೆ, ಕಡ್ಡಿಪೊರಕೆ ಕೈಗೆ,
ಸರ್ ಸರ್ ಸರ್, ಮೂಲೆಗೆ.
ಕಾವೇರಿ ಬಂದ ದಿನ ಐದು ಸಲ,
ಟ್ಯಾಂಕರಿನ ದಿನ ಒಂದೇ ಸಲ.
ಬಂದವರು ಕೇಳಿದರೆ ಅತ್ತೆ ಹೇಳುತ್ತಿದ್ದರು,
ಅವಳಿಗೆ ಮಡಿ ಜಾಸ್ತಿ, ಬಚ್ಚಲು ಬಿಟ್ಟು ಬರೊಲ್ಲ.
ಇರಬಹುದು ಅಂದುಕೊಂಡೆ.
ಎಲ್ಲರ ಮನೆಯಲ್ಲೂ ನೀರನ್ನು
ತಳ್ಳಿಯೇ ಕಳಿಸುತ್ತಾರೆ ಅಂದುಕೊಂಡೆ.

ಬೀಡುಕಬ್ಬಿಣದ ಟ್ರ್ಯಾಪು ಮೇಲೆ ಬಂತು.
ಸಗಾಯಂ ಅದನ್ನು ಪೇಪರಿನ ಮೇಲೆ ಬೋರಲು ಹಾಕಿದ.
ಕೂದಲು: ನನ್ನದೋ ಮಗಳದೋ ತಿಳಿಯದ ಒಂದು ಮುದ್ದೆ.
ಸೀಗೆಕಾಯಿ ಚರಟ, ಶಾಂಪೂ ಪೊಟ್ಟಣದ ಮೂಲೆ,
ಒಂದು ಹೇರ್‌ಪಿನ್ನು,
ಮತ್ತೆ ಒಂದು ಗೋಲಿ, ಒಳಗೆ ನೀಲಿ ಎಲೆ ಇರುವಂಥದ್ದು.

ಲುಂಗಿಗೆ ಒರೆಸಿದ.
"ರಸಮಟ್ಟ ಗಾಡೀಲೈತೆ, ಇದೇ ಸಾಕು" ಅಂದು
ಒಡೆಯದೆ ಉಳಿದ ನೆಲದ ನಡುವೆ ಇಟ್ಟು ಬೆರಳು ತೆಗೆದ.
ಗೋಲಿ ಒಂದು ಗಳಿಗೆ ಯೋಚಿಸಿತು.
ಆಮೇಲೆ ನನ್ನ ಕಾಲ ಹತ್ತಿರ ಬಂತು.
"ನೋಡ್ರಮ್ಮಾ, ವಾಟ ಉಲ್ಟಾ."

ಇವರು ಪೇಪರು ಮಡಿಸಿ ಎದ್ದು ಬಂದರು.
"ಗೋಲಿ ಗುಂಡಗಿಲ್ಲ" ಅಂದರು.
ತಾವೇ ಬಿಟ್ಟರು. ಬಾಗಿಲಿಗೆ ಬಂತು.
ಇನ್ನೊಂದು ಕಡೆಯಿಂದ ಬಿಟ್ಟರು. ಬಾಗಿಲಿಗೆ.
"ವಾಟ ಉಲ್ಟಾ ಇದ್ದಿದ್ದರೆ
ಇದು ಮೋರಿಯೊಳಗೆ ಹೋಗಿದ್ದು ಹೇಗಪ್ಪಾ?"
ಕನ್ನಡಕ ಮೇಲೇರಿಸಿ ಕೇಳಿದರು, ಕೇಸು ಗೆದ್ದವರ ಹಾಗೆ.

ಸಗಾಯಂ ಉತ್ತರ ಹೇಳಲಿಲ್ಲ.
ಬಾಗಿಲ ಹಿಂದೆ ಗೂಟಕ್ಕೆ ತೂಗಿದ್ದ ಪೊರಕೆ ನೋಡಿದ,
ಅರ್ಧಕ್ಕೆ ಸವೆದದ್ದು, ಒಂದೇ ಕಡೆಗೆ ಬಾಗಿದ್ದು.
ಆಮೇಲೆ ಇವರೂ ನೋಡಿದರು.
ನಾನು ಕಾಫಿಗೆ ನೀರಿಡಲು ಹೋದೆ.

ಮೂರೂ ನೆಲ ಗೋಣಿಚೀಲದಲ್ಲಿ ಹೋದವು, ಹದಿನೇಳು ಚೀಲ.
ಹೊಸ ಜಾಲರಿ ಸ್ಟೀಲಿನದು, ಸಿದ್ದಯ್ಯ ರೋಡಿನಿಂದ ತಂದದ್ದು,
ಜಿರಳೆ ಬಾರದ ಹಾಗೆ ಒಳಗೊಂದು ಬಟ್ಟಲು.
ಒಡಿಶಾದ ಹುಡುಗ ಜಗಬಂಧು ದಾರ ಕಟ್ಟಿ
ಒಂದಡಿಗೆ ಕಾಲಿಂಚು ಇಳಿಸುತ್ತ ಟೈಲ್ಸು ಕೂರಿಸಿದ.
ಇವರು ಸ್ಟೂಲು ಹಾಕಿಕೊಂಡು ಮೂರು ದಿನ ಕಾವಲು ಕೂತರು,
ಒಂದು ತಪ್ಪೂ ಹುಡುಕಲಿಲ್ಲ.
ಅದೇ ನನಗೆ ಗಾಬರಿ.

ಮೊದಲ ಬಕೆಟ್ಟು ನಾನೇ ಸುರಿದೆ.
ನೀರು ನನ್ನನ್ನು ಕೇಳಲೇ ಇಲ್ಲ.
ಹೋಯಿತು, ವೃಷಭಾವತಿಯ ದಾರಿ
ಮೊದಲಿಂದ ಗೊತ್ತಿದ್ದ ಹಾಗೆ.
ಕೈ ಮಾತ್ರ ಗೂಟದವರೆಗೆ ಹೋಗಿ ಬಂತು.

ರಾತ್ರಿ ಹನ್ನೊಂದಕ್ಕೆ ಬಚ್ಚಲಲ್ಲಿ ದೀಪ.
ಟಕ್. ಉರುಳುವ ಸದ್ದು. ಜಾಲರಿಗೆ ತಾಕಿ ನಿಂತ ಸದ್ದು.
ಮತ್ತೆ ಟಕ್.
ಐದರವರೆಗೆ ಎಣಿಸಿ ಬಿಟ್ಟೆ.

ದೀಪ ಆರಿತು. ಬಂದು ಮಲಗಿದರು.
ತುಂಬ ಹೊತ್ತಾದ ಮೇಲೆ,
"ಎಚ್ಚರ ಇದೀಯಾ?"

ಇಲ್ಲ, ಅಂದೆ.